ಅಡುಗೆ ಕಟ್ಟೆಗೆ ಮೂರು ಸಲ ಬಣ್ಣ: ಕುಮಟೆಯ ಒಂದು ಹಳೆಯ ಮನೆಯ ಕೆಲಸದ ದಿನಚರಿ

ನಮ್ಮ ಮನೆಯ ಅಡುಗೆ ಕಟ್ಟೆಗೆ 1987ರಲ್ಲಿ, ಮನೆ ಕಟ್ಟಿಸುವಾಗಲೇ, ಮೊಸಾಯಿಕ್ ಹಾಕಿ ತಿಕ್ಕಿಸಿದ್ದರು. ಕೆಳಗೆ ಚಿರೆಕಲ್ಲಿನ ಮೂರು ಅಡ್ಡಗೋಡೆಗಳು, ಅವುಗಳ ಮೇಲೆ ಎರಡೂವರೆ ಇಂಚು ದಪ್ಪದ ಕಾಂಕ್ರೀಟ್ ಹಲಗೆ, ಅದರ ಮೇಲೆ ಬಿಳಿ ಸಿಮೆಂಟಿನಲ್ಲಿ ಕೂರಿಸಿದ ಕಪ್ಪು ಮತ್ತು ಹಳದಿ ಕಲ್ಲಿನ ಚೂರುಗಳು. ಮೂವತ್ತೈದು ವರ್ಷಗಳಿಗೂ ಮಿಕ್ಕಿ ಅದರ ಮೇಲೆ ಮುರುಗಲ ಹುಳಿ ಚೆಲ್ಲಿದೆ, ಅಪ್ಪೆಹುಳಿಯ ಪಾತ್ರೆ ಕೂತಿದೆ, ಲಿಂಬೆಹಣ್ಣಿನ ರಸ ಹರಿದಿದೆ. ಹುಳಿ ತಾಗಿದಲ್ಲೆಲ್ಲ ಸಿಮೆಂಟು ಸವೆದು, ಕಲ್ಲಿನ ಚೂರುಗಳು ಕಿತ್ತುಬಂದು, ಆ ಗುಳಿಗಳಲ್ಲಿ ಹಿಟ್ಟು ಮತ್ತು ಎಣ್ಣೆ ಜಿಡ್ಡು ಸೇರಿಕೊಂಡು, ಎಷ್ಟು ಉಜ್ಜಿದರೂ ಕಪ್ಪು ಬಿಡುತ್ತಿರಲಿಲ್ಲ.

ನಾನು ಬಣ್ಣದ ಕೆಲಸ ಕಲಿತವನಲ್ಲ. ಮೇ ತಿಂಗಳಲ್ಲಿ ಆರಂಭಿಸಿದ ಈ ಕೆಲಸ ಮರುವರ್ಷದ ಜನವರಿಯಲ್ಲಿ ಮುಗಿಯಿತು. ನಡುವೆ ಎರಡು ಸಲ ಬಣ್ಣ ಕೆಟ್ಟಿತು. ಎರಡೂ ಸಲ ಕೆಟ್ಟದ್ದು ಬಣ್ಣದ ಗುಣದಿಂದಲ್ಲ, ಹಲಗೆಯೊಳಗಿನ ನೀರನ್ನೂ ಹೊರಗಿನ ಹವೆಯನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅವಸರಪಟ್ಟದ್ದರಿಂದ. ಆದ್ದರಿಂದ ಕೆಳಗಿನ ದಿನಚರಿಯಲ್ಲಿ ಬಣ್ಣ ಬಳಿದ ದಿನಗಳಿಗಿಂತ ಕಾಯಬೇಕಾಗಿದ್ದ ದಿನಗಳ ವಿವರವೇ ಹೆಚ್ಚು.

ಮೇ 4: ಅಳತೆ

ಕಟ್ಟೆ ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿದೆ. ಉದ್ದದ ತೋಳು 8 ಅಡಿ 2 ಇಂಚು, ಗಿಡ್ಡ ತೋಳು 4 ಅಡಿ 6 ಇಂಚು, ಅಗಲ 1 ಅಡಿ 11 ಇಂಚು. ಸಿಂಕಿನ ಜಾಗವನ್ನು ಕಳೆದು, ಮುಂದಿನ ಅಂಚಿನ ದಪ್ಪವನ್ನು ಸೇರಿಸಿದರೆ ಬಣ್ಣ ಬಳಿಯಬೇಕಾದ ಜಾಗ ಸುಮಾರು 25 ಚದರ ಅಡಿ. ಹಳೆಯದನ್ನು ಒಡೆದು ಗ್ರಾನೈಟ್ ಹಾಕಲು ಮೇಸ್ತ್ರಿಯೊಬ್ಬರು ಕಲ್ಲು, ಅಂಚಿನ ಪಾಲಿಶ್, ಸಿಂಕು ಮರುಜೋಡಣೆ, ಕೂಲಿ ಎಲ್ಲ ಸೇರಿಸಿ 19,500 ರೂಪಾಯಿ ಹೇಳಿದರು. ಒಡೆಯುವಾಗ ಗೋಡೆಯ ಟೈಲ್ಸಿನ ಕೆಳಗಿನ ಸಾಲು ಉಳಿಯುತ್ತದೆಂಬ ಖಾತರಿ ಇಲ್ಲವೆಂದೂ ಅವರೇ ಪ್ರಾಮಾಣಿಕವಾಗಿ ತಿಳಿಸಿದ್ದರಿಂದ ನಾನು ಬಣ್ಣದ ಡಬ್ಬಿಯ ಕಡೆ ತಿರುಗಿದೆ.

ಮೇ 6ರಿಂದ 9: ಜಿಡ್ಡು ತೆಗೆಯುವುದು, ಗುಳಿ ತುಂಬುವುದು

ಗ್ಯಾಸ್ ಒಲೆಯನ್ನು ಹಿತ್ತಿಲ ಜಗಲಿಗೆ ಸಾಗಿಸಿ, ಕುದಿಯುವ ನೀರಿಗೆ ವಾಷಿಂಗ್ ಸೋಡಾ ಹಾಕಿ, ಕೈಗೆ ರಬ್ಬರ್ ಗವಸು ತೊಟ್ಟು ತೆಂಗಿನ ನಾರಿನಿಂದ ಎರಡು ದಿನ ಉಜ್ಜಿದೆ. ಜಿಡ್ಡು ಹೋಗಿದೆಯೋ ಇಲ್ಲವೋ ಎಂದು ನೋಡಲು ಅಲ್ಲಲ್ಲಿ ಒಂದೊಂದು ಹನಿ ನೀರು ಬಿಟ್ಟು ನೋಡಬೇಕು. ಹನಿ ಹರಡಿ ಒಳಗೆ ಇಳಿದರೆ ಸರಿ. ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಗೆ ನಿಂತರೆ ಒಳಗೆ ಇನ್ನೂ ಎಣ್ಣೆ ಇದೆ ಎಂದು ಅರ್ಥ. ನಮ್ಮಲ್ಲಿ ಒಲೆಯ ಎಡಬದಿಯಲ್ಲಿ, ಒಗ್ಗರಣೆ ಸೌಟು ಇಡುವ ಜಾಗದಲ್ಲಿ, ಹನಿ ನಿಂತೇ ಇತ್ತು. ಅಲ್ಲಿ ಸೀಮೆಸುಣ್ಣದ ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ ದಪ್ಪಗೆ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಪುಡಿ ಹಳದಿಗೆ ತಿರುಗಿತ್ತು. ಇದನ್ನು ಮೂರು ಸಲ ಮಾಡಬೇಕಾಯಿತು. ಥಿನ್ನರ್ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಕಿಟಕಿ ತೆರೆದಿಟ್ಟು, ಸಿಲಿಂಡರು ಮನೆಯ ಹೊರಗೇ ಇರುವಂತೆ ನೋಡಿಕೊಂಡೆ.

ಗುಳಿಗಳಿಗೆ ಮೊದಲು ಬಿಳಿ ಸಿಮೆಂಟು ತುಂಬಿದೆ. ಅದು ಮೊದಲನೆಯ ಸಣ್ಣ ತಪ್ಪು. ಬಿಸಿಲಿಗೆ ಕಾದ ಒಣ ಕಟ್ಟೆ ಸಿಮೆಂಟಿನ ನೀರನ್ನೆಲ್ಲ ಹೀರಿಕೊಂಡು, ಮಾರನೆಯ ದಿನ ಉಗುರು ತಾಗಿಸಿದರೆ ತುಂಬಿದ್ದೆಲ್ಲ ಅಕ್ಕಿಹಿಟ್ಟಿನಂತೆ ಉದುರಿತು. ಅದನ್ನು ಕೆರೆದು ತೆಗೆದು ಎಂ-ಸೀಲ್ ತುಂಬಿದೆ. ದೊಡ್ಡವು, ಸಣ್ಣವು ಸೇರಿ 41 ಗುಳಿಗಳಾದವು. ತುಂಬಿದ ಮೇಲೆ ಒದ್ದೆ ಬೆರಳಿನಿಂದ ಸಮ ಮಾಡಿಬಿಟ್ಟರೆ ಆಮೇಲೆ ಉಜ್ಜುವ ಶ್ರಮ ಅರ್ಧಕ್ಕರ್ಧ ಉಳಿಯುತ್ತದೆ.

ಮೇ 11 ಮತ್ತು 12: ಮೊದಲ ಬಣ್ಣ

ಇಲ್ಲಿ ದೊಡ್ಡ ತಪ್ಪು ಮಾಡಿದೆ. ಮನೆಯ ಬಾಗಿಲು, ಕಿಟಕಿಗಳಿಗೆ ಬಳಿಯುವ ಸಿಂಥೆಟಿಕ್ ಎನಾಮಲ್ ಒಂದು ಲೀಟರಿಗೆ 340 ರೂಪಾಯಿಗೆ ಸಿಗುತ್ತಿರುವಾಗ, ಎರಡು ಡಬ್ಬಿಯಲ್ಲಿ ಬರುವ ಎಪಾಕ್ಸಿಗೆ ಅದರ ಎರಡು ಪಟ್ಟು ಕೊಡುವುದೇಕೆ ಎಂದು ಯೋಚಿಸಿ, ಸಿಮೆಂಟ್ ಪ್ರೈಮರ್ ಒಂದು ಕೋಟು, ಬೂದಿ ಬಣ್ಣದ ಎನಾಮಲ್ ಎರಡು ಕೋಟು ಬಳಿದೆ. ಬ್ರಷ್ಷಿನ ಗೆರೆ ಸ್ವಲ್ಪ ಉಳಿದದ್ದು ಬಿಟ್ಟರೆ ಕಟ್ಟೆ ಹೊಸದರಂತೆ ಹೊಳೆಯಿತು. ನೋಡಿದ ಆಯಿ, “ಚಂದ ಆಯ್ದು, ಆದ್ರೆ ಬಿಸಿ ಪಾತ್ರೆ ಎಲ್ಲಿ ಇಡವು?” ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ.

ಹತ್ತನೆಯ ದಿನ ಮಿಕ್ಸರ್ ಎತ್ತಿದಾಗ ಅದರ ನಾಲ್ಕು ರಬ್ಬರ್ ಕಾಲುಗಳು ಬಣ್ಣಕ್ಕೆ ಅಂಟಿಕೊಂಡು ‘ಚರ್’ ಎಂದು ಸದ್ದಾಯಿತು. ಕೆಳಗೆ ನಾಲ್ಕು ಉಂಗುರಗಳು, ಒಂದರ ನಡುವೆ ಬರಿಯ ಪ್ರೈಮರ್. ಜೂನಿನಲ್ಲಿ ಮಳೆ ಹಿಡಿದ ಮೇಲೆ ಸಿಂಕಿನ ಬಲಬದಿಯ ಬಣ್ಣ ಮೆತ್ತಗಾಗಿ ಸಾಬೂನಿನಂತೆ ಜಾರತೊಡಗಿತು. ತಿಂಗಳ ಕೊನೆಯ ಹೊತ್ತಿಗೆ ಅಂಗೈಯಗಲದ ತುಂಡು ತೆಳ್ಳೇವು ಕಾವಲಿ ಬಿಟ್ಟಂತೆ ಒಂದೇ ಸಲಕ್ಕೆ ಎದ್ದುಬಂತು. ಸಿಮೆಂಟಿನ ಕ್ಷಾರವೂ ತೇವವೂ ಒಟ್ಟಿಗೆ ಸೇರಿದರೆ ಈ ಜಾತಿಯ ಬಣ್ಣ ಒಳಗಿನಿಂದಲೇ ಸಾಬೂನಾಗುತ್ತದೆ ಎಂಬುದನ್ನು ಆಮೇಲೆ ತಿಳಿದುಕೊಂಡೆ. ಕರಾವಳಿಯ ಮಳೆಗಾಲದಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲವಾದ್ದರಿಂದ ಸೆಪ್ಟೆಂಬರ್ ಮುಗಿಯುವವರೆಗೆ ಅದರ ಮೇಲೆ ಹಳೆಯ ಪ್ಲಾಸ್ಟಿಕ್ ಮೇಜುಬಟ್ಟೆ ಹಾಸಿ ದಿನ ದೂಡಿದೆವು.

ಅಕ್ಟೋಬರ್ 2ರಿಂದ 5: ಕಿತ್ತು ತೆಗೆಯುವುದು

ಗಾಂಧಿ ಜಯಂತಿಯ ರಜೆಯಲ್ಲಿ ಎನಾಮಲ್ ತೆಗೆಯಲು ಕುಳಿತೆ. ಪೇಂಟ್ ರಿಮೂವರ್ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟರೆ ಬಣ್ಣ ಸುಕ್ಕುಗಟ್ಟಿ ಏಳುತ್ತದೆ. ಪುಟ್ಟಿ ಬ್ಲೇಡಿನಿಂದ ಹೆರೆದು ಹಳೆಯ ಪತ್ರಿಕೆಯಲ್ಲಿ ಸುತ್ತಿ ಬಿಸಾಡಬೇಕು. ಗವಸು ಮತ್ತು ತೋಳಿನ ನಡುವೆ ಒಂದು ಹನಿ ಬಿದ್ದದ್ದಕ್ಕೆ ಮಣಿಕಟ್ಟಿನ ಮೇಲೆ ಹತ್ತು ಪೈಸೆ ನಾಣ್ಯದಷ್ಟು ಸುಟ್ಟ ಗಾಯವಾಯಿತು, ಆದ್ದರಿಂದ ಉದ್ದ ತೋಳಿನ ಅಂಗಿ ಹಾಕಿಕೊಂಡೇ ಈ ಕೆಲಸಕ್ಕೆ ಕೂರಬೇಕು. ಉಳಿದ ಬಣ್ಣವನ್ನು 80ನೆಯ ನಂಬರಿನ ಎಮರಿ ಕಾಗದದಿಂದ ಒಣಗಿಸಿಯೇ ಉಜ್ಜಿದೆ. ಮೊಸಾಯಿಕ್ಕಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್-95 ಮುಖಗವಸು ಬೇಕು. ದೂಳಿಗೆ ಬೇಸತ್ತು ಕೊನೆಯ ದಿನ ವಾಟರ್ ಪೇಪರ್ ತಂದು ನೀರು ಹಾಕುತ್ತ ಉಜ್ಜಿದ್ದರಿಂದ ದೂಳು ನಿಂತಿತು, ಆದರೆ ಎರಡು ಬಕೆಟ್ ನೀರನ್ನು ಹಲಗೆಗೆ ನಾನೇ ಕುಡಿಸಿದಂತಾಯಿತು.

ಅಕ್ಟೋಬರ್ 8: ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ

ಹಲಗೆಯೊಳಗೆ ನೀರು ಉಳಿದಿದೆಯೋ ಇಲ್ಲವೋ ಎಂದು ತಿಳಿಯಲು ಮೇ ತಿಂಗಳಲ್ಲೇ ಮಾಡಬೇಕಾಗಿದ್ದ ಪರೀಕ್ಷೆ ಇದು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ, ಕನಿಷ್ಠ 16 ಗಂಟೆ ಬಿಡಬೇಕು. ನಾನು ಒಲೆಯ ಹತ್ತಿರ ಒಂದು, ಮೂಲೆಯಲ್ಲಿ ಒಂದು, ಸಿಂಕಿನ ಪಕ್ಕ ಒಂದು ಹಾಳೆ ಅಂಟಿಸಿ ಪೂರಾ ಒಂದು ದಿನ ಬಿಟ್ಟೆ. ಒಲೆಯ ಹತ್ತಿರದ್ದು ಒಣಗಿತ್ತು. ಮೂಲೆಯಲ್ಲಿ ಹಾಳೆಯ ಒಳಮೈ ಸ್ವಲ್ಪ ಮಂಜಾಗಿತ್ತು. ಸಿಂಕಿನ ಪಕ್ಕದ ಹಾಳೆಯ ಒಳಗೆ ಸಾಸಿವೆ ಗಾತ್ರದ ಹನಿಗಳು ಸಾಲುಗಟ್ಟಿದ್ದವು. ಬೆರಳಿನಿಂದ ತಟ್ಟಿದರೆ ಒಂದಕ್ಕೊಂದು ಸೇರಿ ಕೆಳಗೆ ಹರಿದವು.

ಕೆಳಗೆ ಕೂತು ಟಾರ್ಚ್ ಹಾಕಿ ನೋಡಿದಾಗ ಕಾರಣ ಕಂಡಿತು. ಸಿಂಕಿನ ತೂತಿಗೆ ಜೋಡಿಸಿದ ಕಪ್ಲಿಂಗಿನ ರಬ್ಬರ್ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟು, ನೀರು ಹಲಗೆಯ ತಳಮೈಗೆ ಹಬ್ಬಿ, ಅಲ್ಲಿಂದ ಚಿರೆಕಲ್ಲಿನ ಅಡ್ಡಗೋಡೆಗೆ ಇಳಿಯುತ್ತಿತ್ತು. ಚಿರೆಕಲ್ಲಿಗೆ ನೀರು ಸಿಕ್ಕರೆ ಅದು ಬೇಗ ಬಿಟ್ಟುಕೊಡುವುದಿಲ್ಲ. ಎಷ್ಟು ವರ್ಷಗಳಿಂದ ಹೀಗಿತ್ತೋ ತಿಳಿಯದು. ಕೆಳಗೆ ಇಟ್ಟಿದ್ದ ಬಟಾಟೆ ಬುಟ್ಟಿಗೆ ಪದೇ ಪದೇ ಬೂಷ್ಟು ಬರುವುದಕ್ಕೆ ನಾವು ಬಟಾಟೆಯನ್ನೇ ದೂರುತ್ತಿದ್ದೆವು. ವಾಷರ್ ಮತ್ತು ಕಪ್ಲಿಂಗಿಗೆ 120 ರೂಪಾಯಿ. ಈ ಇಡೀ ಕೆಲಸದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಬೇರೆ ಇಲ್ಲ.

ಅಕ್ಟೋಬರ್ 25ರಿಂದ 27: ಎರಡನೆಯ ಬಣ್ಣ

ಎರಡು ವಾರ ಬಿಟ್ಟು ಮತ್ತೆ ಹಾಳೆ ಅಂಟಿಸಿದಾಗ ಸಿಂಕಿನ ಪಕ್ಕ ಹನಿ ಇರಲಿಲ್ಲ, ಆದರೆ ಮಂಜು ಇತ್ತು. ದೀಪಾವಳಿಗೆ ತಂಗಿಯ ಮನೆಯವರು ಬರುವವರಿದ್ದರು. ಮಂಜು ತಾನೇ, ಪ್ರೈಮರ್ ತಡೆದುಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಕೆಲಸ ಹಿಡಿದೆ.

ಈ ಸಲ ಎಪಾಕ್ಸಿ ಪ್ರೈಮರ್ ಒಂದು ಲೀಟರಿನ ಜೋಡಿ ಡಬ್ಬಿ 580 ರೂಪಾಯಿಗೆ, ಎಪಾಕ್ಸಿ ಎನಾಮಲ್ 690 ರೂಪಾಯಿಗೆ ತಂದೆ. ಇದರಲ್ಲಿ ಬೇಸು, ಅಂದರೆ ಮೂಲ ಬಣ್ಣ ಬೇರೆ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೇರೆ. ನಾನು ತಂದದ್ದರಲ್ಲಿ ಮೂರಕ್ಕೆ ಒಂದರ ಪ್ರಮಾಣ. ತೂಕದಲ್ಲಲ್ಲ, ಅಳತೆ ಲೋಟದಲ್ಲಿ. ಕಂಪನಿಯಿಂದ ಕಂಪನಿಗೆ ಈ ಪ್ರಮಾಣ ಬದಲಾಗುವುದರಿಂದ ಡಬ್ಬಿಯ ಮೇಲೆ ಬರೆದದ್ದನ್ನೇ ಪಾಲಿಸಬೇಕು. ಪ್ರೈಮರ್ 25ರಂದು ಒಂದೂ ಕೊರತೆಯಿಲ್ಲದೆ ಕೂತಿತು.

27ರಂದು ಮೂರು ತಪ್ಪುಗಳು ಒಂದರ ಹಿಂದೆ ಒಂದು ನಡೆದವು. ಮೊದಲನೆಯದಾಗಿ, ಪದೇ ಪದೇ ಅಳೆಯುವ ರಗಳೆ ಬೇಡವೆಂದು ಇಡೀ ಲೀಟರನ್ನು ಒಂದೇ ಡಬ್ಬಿಯಲ್ಲಿ ಕಲಸಿದೆ. ಎಪಾಕ್ಸಿ ಕಲಸಿದ ಮೇಲೆ ತಾನೇ ಬಿಸಿಯಾಗುತ್ತದೆ, ಆಳವಾದ ಡಬ್ಬಿಯಲ್ಲಿ ಆ ಬಿಸಿ ಹೊರಗೆ ಹೋಗುವುದಿಲ್ಲ. ಅರ್ಧ ಕಟ್ಟೆ ಮುಗಿಯುವಷ್ಟರಲ್ಲಿ ಡಬ್ಬಿ ಕೈಗೆ ಬೆಚ್ಚಗೆ ತಾಗತೊಡಗಿತು. ಗಿಡ್ಡ ತೋಳನ್ನು ಹೇಗೋ ಮುಗಿಸಿದಾಗ ಡಬ್ಬಿಯಲ್ಲಿ ಉಳಿದ ಬಣ್ಣ ಜೋನಿಬೆಲ್ಲದಂತೆ ಎಳೆ ಬಿಡುತ್ತಿತ್ತು. ಎರಡನೆಯದಾಗಿ, ಅಗ್ಗದ ಸ್ಪಂಜಿನ ರೋಲರ್ ಥಿನ್ನರ್‌ಗೆ ಊದಿಕೊಂಡು ಚೂರು ಚೂರಾಗಿ ಉದುರಿ ಬಣ್ಣದಲ್ಲಿ ಸೇರಿತು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ನಾನು ಬಳಿದದ್ದು ಸಂಜೆ ಐದೂವರೆಗೆ, ಏಳು ಗಂಟೆಗೆ ಗುಡುಗಿನೊಡನೆ ಮಳೆ ಬಂತು. ಅಡುಗೆಮನೆಯೊಳಗೆ ಮಳೆ ಹನಿಯಲಿಲ್ಲ, ಆದರೆ ಗೋಡೆಯ ಟೈಲ್ಸ್ ಬೆವರುವಷ್ಟು ತೇವ ಹವೆಯಲ್ಲಿ ತುಂಬಿಕೊಂಡಿತ್ತು.

ಬೆಳಿಗ್ಗೆ ಕಟ್ಟೆಯ ಹೊಳಪು ಪೂರ್ತಿ ಹೋಗಿ, ಮೇಲೆ ಬಿಳಿಚಿದ ಪೊರೆ ಕೂತಿತ್ತು. ಬೆರಳಾಡಿಸಿದರೆ ಮೇಣ ಸವರಿದಂತೆ ಜಿಡ್ಡು. ಇನ್ನೊಂದು ಕೋಟು ಬಳಿದು ಮುಚ್ಚಿಬಿಡೋಣವೆಂದರೆ ಬಣ್ಣವೇ ಉಳಿದಿರಲಿಲ್ಲ. ಉಳಿದಿದ್ದರೆ ಬಳಿದೇ ಬಿಡುತ್ತಿದ್ದೆ, ಆಗ ಆ ಕೋಟೂ ಎದ್ದುಬರುತ್ತಿತ್ತು.

ತದಡಿ ಬಂದರಿನಲ್ಲಿ ದೋಣಿಗಳಿಗೆ ಬಣ್ಣ ಹೊಡೆಯುವ ಹಿರಿಯರೊಬ್ಬರು ಪರಿಚಯದವರು. ಫೋನಿನಲ್ಲಿ ವಿವರಿಸಿದಾಗ ನಕ್ಕು, “ಅದು ಹವೆಯ ನೀರು ಹಾರ್ಡನರಿಗೆ ತಾಗಿ ಬಂದದ್ದು ಮಾರಾಯ್ರೆ. ಥಿನ್ನರಲ್ಲಿ ಒರೆಸಬೇಡಿ, ಅದು ಹೋಗೂದಿಲ್ಲ, ಬಿಸಿನೀರಲ್ಲಿ ತೊಳೀರಿ. ಸಂಜೆ ಮೇಲೆ ಯಾರಾದ್ರೂ ಎಪಾಕ್ಸಿ ಹೊಡೀತಾರ? ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಸುರು ಮಾಡಿ, ಮಧ್ಯಾಹ್ನದೊಳಗೆ ಕೈ ತೊಳ್ಕೊಳ್ಬೇಕು” ಎಂದರು. ಅವರು ಹೇಳಿದಂತೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸಾಬೂನಿನಲ್ಲಿ ತೊಳೆದಾಗ ಮೇಣದ ಪೊರೆ ನಿಜವಾಗಿಯೂ ಹೋಯಿತು. ಮಂಕು ಬಣ್ಣ ಹಾಗೇ ಉಳಿಯಿತು. ದೀಪಾವಳಿಯನ್ನು ಆ ಮಂಕು ಕಟ್ಟೆಯ ಮೇಲೇ ಮಾಡಿದೆವು.

ನವೆಂಬರ್, ಡಿಸೆಂಬರ್: ಏನೂ ಮಾಡದ ಎರಡು ತಿಂಗಳು

ಸಿಂಕಿನ ಪಕ್ಕ ಕಾಳುಮೆಣಸಿನ ಗಾತ್ರದ ಒಂಬತ್ತು ಗುಳ್ಳೆಗಳು ಎದ್ದವು. ಅಕ್ಟೋಬರಿನಲ್ಲಿ ಕಡೆಗಣಿಸಿದ ಮಂಜಿನ ಫಲ ಅದು. ಗುಳ್ಳೆ ಎದ್ದ ಭಾಗವನ್ನಷ್ಟೇ, ಒಂದು ಅಡಿಗೆ ಎಂಟು ಇಂಚಿನಷ್ಟು, ಬರಿ ಮೊಸಾಯಿಕ್ ಕಾಣುವವರೆಗೆ ಕೆರೆದು ಬಿಟ್ಟೆ. ಪಾತ್ರೆಗಳನ್ನು ಹಿತ್ತಿಲ ನಲ್ಲಿಯಲ್ಲಿ ತೊಳೆಯುವಂತೆ ಮನೆಯವರನ್ನು ಒಪ್ಪಿಸಿದ್ದೇ ಈ ಅವಧಿಯ ದೊಡ್ಡ ಕೆಲಸ. ಹಲಗೆಯ ತಳಮೈಗೆ ಗಾಳಿ ತಾಗಲೆಂದು ಕೆಳಗಿನ ಕಪಾಟಿನ ಬಾಗಿಲುಗಳನ್ನು ಕಳಚಿಟ್ಟು, ದಿನಕ್ಕೆ ನಾಲ್ಕೈದು ತಾಸು ಟೇಬಲ್ ಫ್ಯಾನ್ ಹಚ್ಚಿದೆ.

ಈ ಬಿಡುವಿನಲ್ಲಿ ಗ್ರಾನೈಟಿನಂತೆ ಚುಕ್ಕೆ ಹಾಕುವ ಆಸೆಯೂ ಹುಟ್ಟಿತು. ಪುಣ್ಯಕ್ಕೆ ಮೊದಲು ರಟ್ಟಿನ ಮೇಲೆ ಪ್ರಯತ್ನಿಸಿದೆ. ಸ್ಪಂಜಿನಿಂದ ಕಪ್ಪು ಮತ್ತು ಬಿಳಿ ಬಣ್ಣ ಒತ್ತಿದರೆ ಇಡ್ಲಿ ಹಿಟ್ಟಿಗೆ ಒಗ್ಗರಣೆ ಸೀದುಹೋದದ್ದನ್ನು ಸುರಿದಂತೆ ಕಂಡಿತು. ಆಸೆ ಅಲ್ಲಿಗೇ ಬಿಟ್ಟೆ.

ಜನವರಿ 9ರಿಂದ 21: ಮೂರನೆಯ ಬಣ್ಣ

9ರಂದು ಅಂಟಿಸಿದ ಮೂರು ಹಾಳೆಗಳೂ 10ರಂದು ಒಳಗೆ ಪೂರ್ತಿ ಒಣಗಿದ್ದವು. ಸಂದೇಹ ಉಳಿಯಬಾರದೆಂದು ಸಿಂಕಿನ ಪಕ್ಕದ್ದನ್ನು ಇನ್ನೂ ಒಂದು ದಿನ ಬಿಟ್ಟು ನೋಡಿದೆ.

11ರಂದು ಕಟ್ಟೆಯನ್ನೆಲ್ಲ 120ನೆಯ ನಂಬರಿನ, ಆಮೇಲೆ 220ರ ಎಮರಿ ಕಾಗದದಿಂದ ಒಣಗಿದಂತೆಯೇ ಉಜ್ಜಿ, ಸ್ಪಂಜಿನ ಚೂರುಗಳೆಲ್ಲ ಹೋಗುವವರೆಗೆ ಸಮ ಮಾಡಿ, ದೂಳನ್ನು ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿದೆ. ಹಳೆಯ ಎಪಾಕ್ಸಿ ಗಟ್ಟಿಯಾಗಿಯೇ ಹಿಡಿದಿದ್ದಲ್ಲಿ ಅದನ್ನು ಕೀಳುವ ಅಗತ್ಯವಿಲ್ಲ, ಹೊಳಪು ಪೂರ್ತಿ ಸತ್ತು ಮಂಕಾಗುವಂತೆ ಗೀರಿದರೆ ಸಾಕು. 12ರಂದು ಕೆರೆದಿದ್ದ ಭಾಗಕ್ಕೆ ಮಾತ್ರ, ಉಳಿದಿದ್ದ ಪ್ರೈಮರ್‌ನಿಂದ 100 ಮಿಲಿಲೀಟರ್ ಕಲಸಿ ಬಳಿದೆ. ಡಬ್ಬಿಗಳ ಮುಚ್ಚಳವನ್ನು ಬಿಗಿಯಾಗಿ ಹಾಕಿಟ್ಟಿದ್ದರಿಂದ ಅದು ಕೆಟ್ಟಿರಲಿಲ್ಲ.

13ರಂದು ಬೆಳಿಗ್ಗೆ ಒಂಬತ್ತೂವರೆಗೆ, ಕಿಟಕಿಯ ಸರಳುಗಳ ಮೇಲಿನ ಇಬ್ಬನಿ ಆರಿದ ಮೇಲೆ ಆರಂಭಿಸಿದೆ. ಒಂದು ಸಲಕ್ಕೆ 150 ಮಿಲಿಲೀಟರ್ ಬೇಸಿಗೆ 50 ಮಿಲಿಲೀಟರ್ ಹಾರ್ಡನರ್, ಮೂರು ನಿಮಿಷ ತಳ ಕೆರೆಯುವಂತೆ ಕಲಸುವುದು, ಹತ್ತು ನಿಮಿಷ ಬಿಡುವುದು, ಅಗಲವಾದ ತಟ್ಟೆಗೆ ಸುರಿಯುವುದು, ನಾಲ್ಕು ಇಂಚಿನ ಗಿಡ್ಡ ರೋಮದ ರೋಲರಿನಿಂದ ತೆಳ್ಳಗೆ ಹರಡುವುದು. ಒಂದು ಕೋಟಿಗೆ ಹೀಗೆ ಎರಡು ಸಲ ಕಲಸಬೇಕಾಯಿತು. ಮೂಲೆಯಿಂದ ಹೊರಟು ಎರಡೂ ತೋಳುಗಳ ತುದಿಯ ಕಡೆಗೆ ಬರಬೇಕು. ನಡುವಿನಲ್ಲಿ ನಿಲ್ಲಿಸಿದರೆ ಜೋಡಣೆಯ ಗೆರೆ ಉಳಿಯುತ್ತದೆ. ಹನ್ನೊಂದೂವರೆಗೆ ಮುಗಿಯಿತು. ರಾತ್ರಿ ಹಲ್ಲಿಯೊಂದು ಗಿಡ್ಡ ತೋಳಿನ ಮೇಲೆ ಓಡಾಡಿ, ಐದೈದು ಬೆರಳಿನ ಸ್ಪಷ್ಟ ಹೆಜ್ಜೆಗಳನ್ನು ಸಿಂಕಿನವರೆಗೂ ಮೂಡಿಸಿತ್ತು. ಬೆಳಿಗ್ಗೆ 220ರ ಕಾಗದದಿಂದ ಅವನ್ನು ಉಜ್ಜಿ, ಸಂಕ್ರಾಂತಿಯ ಗಡಿಬಿಡಿಯ ನಡುವೆಯೇ ಎರಡನೆಯ ಕೋಟು ಬಳಿದೆ.

ಗೋಡೆಯ ಟೈಲ್ಸಿಗೆ ಹಚ್ಚಿದ ಮಾಸ್ಕಿಂಗ್ ಟೇಪನ್ನು ಬಣ್ಣ ಹಸಿಯಿರುವಾಗಲೇ ಎಳೆಯಬೇಕು. ಉದ್ದದ ತೋಳಿನಲ್ಲಿ ಹಾಗೆ ಮಾಡಿದೆ, ಗಿಡ್ಡ ತೋಳಿನಲ್ಲಿ ಮರೆತು ಮರುದಿನ ಎಳೆದಾಗ ಬಣ್ಣದ ಅಂಚು ಟೇಪಿನೊಂದಿಗೆ ಹರಿದು ಗರಗಸದ ಹಲ್ಲಿನಂತಾಯಿತು. ಒಂದು ವಾರದ ನಂತರ ಆ ಸಂದಿಗೆ ಸಿಲಿಕೋನ್ ತುಂಬಿದ್ದರಿಂದ ಈಗ ಅದು ಕಾಣುವುದಿಲ್ಲ. ಸಿಲಿಕೋನ್ ಕೊಳ್ಳುವಾಗ ವಿನಿಗರ್ ವಾಸನೆ ಬರುವಂಥದ್ದನ್ನು ಬಿಟ್ಟು, ನ್ಯೂಟ್ರಲ್ ಎಂದು ಬರೆದದ್ದನ್ನು ಕೇಳಿ ತಂದೆ.

ಬಣ್ಣ ಆರು ತಾಸಿನಲ್ಲಿ ಕೈಗೆ ಅಂಟದಷ್ಟು ಒಣಗುತ್ತದೆ, ಆದರೆ ಪೂರ್ತಿ ಗಟ್ಟಿಯಾಗಲು ಏಳು ದಿನ ಬೇಕು. ಆ ಏಳು ದಿನವೂ ಅಡುಗೆ ಜಗಲಿಯಲ್ಲೇ ನಡೆಯಿತು. 21ರಂದು ಒಲೆ ಒಳಗೆ ಬಂತು.

ಲೆಕ್ಕ

ಮೊದಲ ಸಲ: ಸೋಡಾ 50, ಬಿಳಿ ಸಿಮೆಂಟು 40, ಎಂ-ಸೀಲ್ 150, ಎಮರಿ ಕಾಗದ 90, ಪ್ರೈಮರ್ 210, ಎನಾಮಲ್ 340, ಬ್ರಷ್ಷು 130, ಟರ್ಪೆಂಟೈನ್ 80. ಒಟ್ಟು 1,090 ರೂಪಾಯಿ. ಎರಡನೆಯ ಸಲ: ರಿಮೂವರ್ 280, ಪುಟ್ಟಿ ಬ್ಲೇಡ್ 60, ಸಿಂಕಿನ ರಿಪೇರಿ 120, ಎಪಾಕ್ಸಿ ಪ್ರೈಮರ್ 580, ಎಪಾಕ್ಸಿ ಎನಾಮಲ್ 690, ಥಿನ್ನರ್ 220, ಸ್ಪಂಜಿನ ರೋಲರ್ 140, ಗವಸು ಮತ್ತು ಮುಖಗವಸು 160. ಒಟ್ಟು 2,250. ಮೂರನೆಯ ಸಲ: ಎಪಾಕ್ಸಿ ಎನಾಮಲ್ ಮತ್ತೊಮ್ಮೆ 690, ಎಮರಿ ಕಾಗದ 120, ರೋಲರ್ 180, ಸಿಲಿಕೋನ್ 210, ಟೇಪು 60, ಕಡಪ ಕಲ್ಲಿನ ತುಂಡು 150. ಒಟ್ಟು 1,410. ಎಲ್ಲ ಸೇರಿ 4,750 ರೂಪಾಯಿ. ಮೊದಲ ಸಲವೇ ಸರಿಯಾಗಿ ಮಾಡಿದ್ದರೆ ಇದೇ ಕೆಲಸ 2,690 ರೂಪಾಯಿಯಲ್ಲಿ ಮುಗಿಯುತ್ತಿತ್ತು. ನನ್ನ ದುಡಿಮೆಯನ್ನು ಇದರಲ್ಲಿ ಸೇರಿಸಿಲ್ಲ.

ಕಡಪ ಕಲ್ಲಿನ ತುಂಡು ಆಯಿಯ ಪ್ರಶ್ನೆಗೆ ಸಿಕ್ಕ ಉತ್ತರ. ಎಪಾಕ್ಸಿ ಬಿಸಿಗೆ ಮೆತ್ತಗಾಗುವುದರಿಂದ ಒಲೆಯಿಂದ ಇಳಿಸಿದ ಪಾತ್ರೆಯನ್ನು ಅದರ ಮೇಲೆ ನೇರವಾಗಿ ಇಡುವಂತಿಲ್ಲ. ಕಲ್ಲಿನ ಅಂಗಡಿಯಲ್ಲಿ ಕತ್ತರಿಸಿ ಉಳಿದ ಒಂದೂವರೆ ಅಡಿಗೆ ಒಂದು ಅಡಿಯ ತುಂಡನ್ನು ಒಲೆಯ ಬಲಬದಿಗೆ ಹಾಕಿದ್ದೇವೆ, ಉಳಿದ ಕಡೆ ಸಿಂಬೆ ಬಳಸುತ್ತೇವೆ. ತರಕಾರಿಯನ್ನು ಮೊದಲಿನಿಂದಲೂ ಮೆಟ್ಟುಗತ್ತಿಯಲ್ಲೇ ಹೆಚ್ಚುವ ಮನೆಯಾದ್ದರಿಂದ ಚಾಕುವಿನ ಗೀರಿನ ತೊಂದರೆ ಬರಲಿಲ್ಲ. ಚಪಾತಿ ಹಿಟ್ಟನ್ನು ಬಣ್ಣದ ಮೇಲೆ ನೇರವಾಗಿ ನಾದುವುದನ್ನು ಮಾತ್ರ ಬಿಡಿಸಿದೆ.

ಈಗ ಒಂದು ಪೂರ್ಣ ಮಳೆಗಾಲ ಕಳೆದಿದೆ. ಸಿಂಕಿನ ಪಕ್ಕ ಗುಳ್ಳೆ ಎದ್ದಿಲ್ಲ, ಮಿಕ್ಸರಿನ ಕಾಲು ಅಂಟಿಲ್ಲ, ಮುರುಗಲ ಹುಳಿಯ ಕಲೆ ಒರೆಸಿದರೆ ಹೋಗುತ್ತದೆ. ಪಶ್ಚಿಮದ ಕಿಟಕಿಯ ಬಿಸಿಲು ಬೀಳುವ ಒಂದೂವರೆ ಅಡಿ ಜಾಗದಲ್ಲಿ ಬೂದಿ ಬಣ್ಣ ಹಳದಿಗೆ ತಿರುಗಿದೆ, ಎಪಾಕ್ಸಿಗೆ ಬಿಸಿಲು ಆಗದು. ಒಲೆಯ ಎಡಕ್ಕೆ ಯಾರೋ ಅವಸರದಲ್ಲಿ ಇಟ್ಟ ಬಾಣಲೆಯ ಕಂದು ಉಂಗುರವೊಂದು ಉಳಿದಿದೆ. ಯಾರೆಂದು ಇನ್ನೂ ಒಪ್ಪಿಕೊಂಡಿಲ್ಲ. ಮೂಲೆಯಲ್ಲಿ ಸುಲಿದ ತೆಂಗಿನಕಾಯಿ ಬಿದ್ದು ಹೆಬ್ಬೆರಳ ಉಗುರಿನಷ್ಟು ಬಣ್ಣ ಹಾರಿದೆ. ಅದನ್ನು ಜನವರಿಯ ಒಣ ಹವೆ ಬರುವವರೆಗೆ ಮುಟ್ಟುವುದಿಲ್ಲವೆಂದು ನಾನು ಹೇಳಿದ್ದೇನೆ. ಅಲ್ಲಿಯವರೆಗೆ ಇರಲೆಂದು ಆಯಿ ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದಾಳೆ.